ಮಗ್ಗ ಮುಳುಗಿದ ಮನೆಗೆ ಗಂಜಿ ಸಾಲದು

(ನೆರೆ ಸಂತ್ರಸ್ತರ ಪುನರ್ವಸತಿಯನ್ನು ಕುರಿತು ನೇಕಾರರು, ಗಿರಣಿ ಕಾಮಗಾರರು ಹಾಗೂ ಚಿಲ್ಲರೆ ವ್ಯಾಪಾರಸ್ಥರು ಕೂಡಿದ ಸಭೆಯಲ್ಲಿ ಮಾಡಿದ ಭಾಷಣ)



ಇಂದಿನ ವಿಷಯ ಕ್ರೈಸ್ತ ಮಿಶನ್ನಿನ ಕೆಲಸ ಎಂದು ಕೇಳಿ ನಿಮ್ಮಲ್ಲಿ ಕೆಲವರಿಗೆ ಸೋಜಿಗವಾಗಿರಬಹುದು. ಮಗ್ಗದವರೂ ಹತ್ತಿ ಗಿರಣಿಯವರೂ ಕಿರಾಣಿ ಅಂಗಡಿಯವರೂ ಕೂಡಿದಲ್ಲಿ ಪಾದ್ರಿಗಳ ಮಾತೇಕೆ? ನಮ್ಮ ಮುಂದಿರುವ ಪ್ರಶ್ನೆ ಹಳೆಯದು, ಅದಕ್ಕೇ ಈ ಮಾತು. ಬರವೋ ಹೊಳೆಯೋ ಬಂದು ಮನೆ, ಕಸುಬು, ಊರು ಎಲ್ಲವನ್ನೂ ಕಳೆದುಕೊಂಡ ಜನರನ್ನು ಮತ್ತೆ ನೆಲೆಗೊಳಿಸುವುದು ಹೇಗೆ? ನಮ್ಮ ಸೀಮೆಯಲ್ಲಿ ಈ ಪ್ರಶ್ನೆಗೆ ಬಹಳ ಹಿಂದೆಯೇ ಕೈಹಾಕಿದವರಲ್ಲಿ ಮಿಶನ್ನಿನವರೂ ಸೇರಿದ್ದಾರೆ. ಅವರು ಮಾಡಿದ್ದರಲ್ಲಿ ಕಲಿಯತಕ್ಕದ್ದೂ ಇದೆ, ಬಿಡತಕ್ಕದ್ದೂ ಇದೆ. ಎರಡನ್ನೂ ಮುಚ್ಚುಮರೆಯಿಲ್ಲದೆ ನೋಡೋಣ.

ಮೊದಲು ನಮ್ಮ ಹೊಳೆಯ ಮಾತು. ಮಲಪ್ರಭೆ ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುತ್ತಾಳೆ. ಕಿತ್ತೂರ ತಾಲೂಕಿನ ಎಂ. ಕೆ. ಹುಬ್ಬಳ್ಳಿ, ಬೈಲಹೊಂಗಲ ತಾಲೂಕಿನ ಸಂಗೊಳ್ಳಿಗಳನ್ನು ಮುಟ್ಟಿ, ಸವದತ್ತಿಯ ಹತ್ತಿರ ನವಿಲುತೀರ್ಥದ ಅಣೆಕಟ್ಟಿಗೆ ಬಂದು ನಿಲ್ಲುತ್ತಾಳೆ. ಅಲ್ಲಿಂದ ಬಿಡಿಸಿಕೊಂಡು ಮುನವಳ್ಳಿ, ರಾಮದುರ್ಗ ದಾಟಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ನಮ್ಮ ನಾಲ್ಕೂ ತಾಲೂಕುಗಳಿಗೆ ಇವಳೊಬ್ಬಳೇ ತಾಯಿ. 2019ರ ಆಗಸ್ಟ ತಿಂಗಳಲ್ಲಿ ಘಟ್ಟದ ಸೆರಗಿನಲ್ಲಿ ಸುರಿದ ಮಳೆಗೆ 37.73 ಟಿ.ಎಂ.ಸಿ. ಹಿಡಿಯುವ ಆ ಜಲಾಶಯ ತುಂಬಿತು. ಗೇಟು ತೆರೆಯದೆ ಗತ್ಯಂತರವಿರಲಿಲ್ಲ. ಮುನವಳ್ಳಿಗೆ ನೀರು ಬಂತು, ರಾಮದುರ್ಗದ ಓಣಿ ಓಣಿಗೆ ನೀರು ನುಗ್ಗಿತು.

ನೇಕಾರನ ಮನೆಗೆ ನೀರು ಬಂದರೆ ಏನಾಗುತ್ತದೆಂದು ನೇಯುವವರಿಗೆ ಹೇಳಬೇಕಾಗಿಲ್ಲ. ಬೇರೆಯವರಿಗಾಗಿ ಹೇಳುತ್ತೇವೆ. ಕುಣಿಮಗ್ಗ ಎಂದರೆ ನೆಲದಲ್ಲಿ ತಗ್ಗು ತೆಗೆದು ಹೂಡಿದ ಮಗ್ಗ. ಮೊದಲು ತುಂಬುವುದು ಆ ತಗ್ಗು, ಕೊನೆಗೆ ಆರುವುದೂ ಅದೇ. ಹೂಡಿದ ಹಾಸು ಕೊಳೆಯುತ್ತದೆ. ಕಟ್ಟಿಗೆ ಉಬ್ಬಿ ಸೊಟ್ಟಾಗುತ್ತದೆ. ಹಣಿಗೆಗೆ ತುಕ್ಕು ಹಿಡಿಯುತ್ತದೆ. ಮೂಲೆಯಲ್ಲಿಟ್ಟ ನೂಲು ಕೆಸರಿನ ಉಂಡೆಯಾಗುತ್ತದೆ. ಆ ನೂಲಾದರೂ ಅವನದಲ್ಲ, ಮಾಲೀಕನದು. ಅದರ ಲೆಕ್ಕ ಅವನ ತಲೆಯ ಮೇಲೆ. ಗೋಡೆ ನಿಂತಿದ್ದರೆ ನೋಡಿದವರು "ಮನೆ ಉಳಿದಿದೆಯಲ್ಲ" ಎನ್ನುತ್ತಾರೆ. ಉಳಿದದ್ದು ಗೋಡೆ, ಹೊಟ್ಟೆಯ ದಾರಿ ಹೊಳೆಗೆ ಹೋಗಿದೆ.

ಆಗ ಜನ ಸುಮ್ಮನೆ ಕೂಡಲಿಲ್ಲ. ಮಠಗಳಿಂದ ಅನ್ನ ಬಂತು, ಮಸೀದಿಗಳಿಂದ ಬಂತು, ಚರ್ಚುಗಳಿಂದ ಬಂತು, ತರುಣರ ಬಳಗಗಳು ರೊಟ್ಟಿ ಬುತ್ತಿ ಕಟ್ಟಿ ಕಳಿಸಿದವು. ಕೊಟ್ಟ ಕೈಗಳಿಗೆಲ್ಲ ನಮ್ಮ ನಮಸ್ಕಾರ. ಆದರೆ ಹದಿನೈದು ದಿನವಾದ ಮೇಲೆ ಕೊಟ್ಟವರು ತಮ್ಮ ತಮ್ಮ ಊರಿಗೆ ಹೋದರು. ಹದಿನಾರನೆಯ ದಿನ ಏನು? ಇದೇ ನಮ್ಮ ಪ್ರಶ್ನೆ.

ಈ ಪ್ರಶ್ನೆಯ ಬೇರು ಕಾಣಬೇಕಾದರೆ ಧಾತು-ಈಶ್ವರ ಸಂವತ್ಸರದ ಬರಕ್ಕೆ, ಎಂದರೆ 1876ರಿಂದ 1878ರವರೆಗಿನ ದುಷ್ಕಾಳಕ್ಕೆ ಹೋಗಬೇಕು. ಆಗ ಬೈಲಹೊಂಗಲ ಮತ್ತು ಕಿತ್ತೂರ ಸಂಪಗಾವಿ ತಾಲೂಕಿನಲ್ಲಿದ್ದವು. ಸವದತ್ತಿ ಪರಸಗಡ ತಾಲೂಕಿನಲ್ಲಿತ್ತು. ರಾಮದುರ್ಗ ಒಂದು ಸಣ್ಣ ಸಂಸ್ಥಾನ. ಮಳೆ ಹೋಯಿತು, ಜೋಳ ಹೋಯಿತು, ದನ ಹೋದವು, ಆಮೇಲೆ ಜನ ಹೋದರು. ನಮ್ಮ ಮಗ್ಗುಲ ಕಲಾದಗಿ ಜಿಲ್ಲೆಯಲ್ಲಿ, ಎಂದರೆ ಇಂದಿನ ವಿಜಯಪುರ-ಬಾಗಲಕೋಟೆ ಸೀಮೆಯಲ್ಲಿ, 1872ರ ಜನಗಣತಿಗೂ 1881ರ ಜನಗಣತಿಗೂ ನಡುವೆ ಐದರಲ್ಲಿ ಒಂದಕ್ಕೂ ಹೆಚ್ಚು ಪಾಲು ಜನ ಕಡಿಮೆಯಾದರು. ಸತ್ತವರು ಸತ್ತರು, ಬದುಕಿದವರು ಗುಳೆ ಹೋದರು.

ಆಗಿನ ಸರಕಾರ ಏನು ಮಾಡಿತು? ಕಲ್ಲು ಒಡೆಯುವ, ಕೆರೆ ತೋಡುವ, ರಸ್ತೆ ಹಾಕುವ ಕೆಲಸ ತೆಗೆಯಿತು. 1877ರ ಆರಂಭದಲ್ಲಿ ಸರ್ ರಿಚರ್ಡ ಟೆಂಪಲ್ ಎಂಬ ದೊಡ್ಡ ಸಾಹೇಬ ಖರ್ಚು ಕಡಿಮೆ ಮಾಡಲೆಂದು ಕೂಲಿ ಇಳಿಸಿದ. ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯದ ಬೆಲೆ, ಮೇಲೊಂದು ಆಣೆ. ಒಂದು ಪೌಂಡೆಂದರೆ ಇಂದಿನ ಅರ್ಧ ಕಿಲೋಕ್ಕೂ ಕಡಿಮೆ. ಅದನ್ನು ತಿಂದು ದಿನವಿಡೀ ಕಲ್ಲು ಒಡೆಯಬೇಕು. ಮುಂಬಯಿ ಇಲಾಖೆಯಲ್ಲಿ ಸಾವಿರಾರು ಜನ ಹಸಿದ ಹೊಟ್ಟೆಯಲ್ಲೇ ಕೆಲಸ ಬಿಟ್ಟು ಹೊರಬಂದರು. ಪುಣೆಯ ಸಾರ್ವಜನಿಕ ಸಭೆ ಅವರ ಪರವಾಗಿ ಸರಕಾರಕ್ಕೆ ಬರೆಯಿತು. ಮುಷ್ಕರವೆಂಬುದು ಗಿರಣಿಯ ಭೋಂಗಾದೊಂದಿಗೆ ಬಂದದ್ದೆಂದು ತಿಳಿದವರು ಇದನ್ನು ನೆನಪಿಡಬೇಕು. ಗೋಕಾಕ ಫಾಲ್ಸಿನ ಗಿರಣಿ ನೂಲು ತೆಗೆಯುವ ಮೊದಲೇ ಬರಗಾಲದ ಕೂಲಿಕಾರರು ಹರತಾಳ ಮಾಡಿದ್ದರು.

ಈ ಕಲ್ಲು ಒಡೆಯುವ ಕೆಲಸದಲ್ಲಿ ನೇಕಾರನಿಗೆ ಎರಡು ಪಟ್ಟು ಹಾನಿ. ಎಳೆ ಹಿಡಿದು ನಯವಾದ ಬೆರಳುಗಳು ಕಲ್ಲಿನಿಂದ ಜಡ್ಡುಗಟ್ಟಿದರೆ ಬರ ಮುಗಿದ ಮೇಲೂ ಮಗ್ಗ ಅವನ ಮಾತು ಕೇಳುವುದಿಲ್ಲ. ಹೊಟ್ಟೆಗೆಂದು ಮಗ್ಗ ಮಾರಿದ್ದರೆ ಮರಳಿ ಬರಲು ಮಗ್ಗವೂ ಇಲ್ಲ. ನೇಕಾರನಿಗೆ ಅವನ ಕಸುಬಿನಲ್ಲಿಯೇ ಪರಿಹಾರದ ಕೆಲಸ ಕೊಡಬೇಕೆಂಬ ಬುದ್ಧಿ ಮುಂದಿನ ದುಷ್ಕಾಳಗಳ ಹೊತ್ತಿಗೆ ಸರಕಾರದ ಕಡತಗಳಲ್ಲಿಯೂ ಕಾಣಿಸಿಕೊಂಡಿತು. ಅಷ್ಟರಲ್ಲಿ ಎಷ್ಟು ಮನೆಗಳ ಲಾಳಿ ಶಾಶ್ವತವಾಗಿ ನಿಂತಿತ್ತೋ!

ಇಂಥ ಕಾಲದಲ್ಲಿ ನಮ್ಮ ಸೀಮೆಯಲ್ಲಿ ಮಿಶನ್ನಿನವರಿದ್ದರು. ಬೆಳಗಾವಿಯಲ್ಲಿ 1820ರಿಂದ ಲಂಡನ್ ಮಿಶನ್ನು; 1904ರಲ್ಲಿ ಅದರ ಕೆಲಸ ಅಮೆರಿಕದ ಮೆಥೊಡಿಸ್ಟರ ಕೈಗೆ ಹೋಯಿತು. ಧಾರವಾಡದ ಕಡೆಗೆ ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಿಂದ ಬಂದ ಬಾಸೆಲ್ ಮಿಶನ್ನು. ಅದು 1834ರಲ್ಲಿ ಮಂಗಳೂರಿಗೆ ಬಂತು, 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ, 1851ರಲ್ಲಿ ಗುಳೇದಗುಡ್ಡಕ್ಕೆ. ಬೆಟಗೇರಿ, ಗುಳೇದಗುಡ್ಡ ಎರಡೂ ನೇಕಾರರ ಊರುಗಳು. ಬರದಲ್ಲಿ ತಂದೆತಾಯಿ ಸತ್ತು ಬೀದಿಗೆ ಬಿದ್ದ ಮಕ್ಕಳನ್ನು ಇವರು ತಮ್ಮ ಅನಾಥಾಲಯಗಳಲ್ಲಿ ಇಟ್ಟುಕೊಂಡರು. ಬರ ಹೋದ ಮೇಲೆ "ಇನ್ನು ನಿಮ್ಮ ದಾರಿ ನಿಮಗೆ" ಎಂದು ಹೊರಗೆ ಕಳಿಸಲಿಲ್ಲ. ಅಕ್ಷರ ಕಲಿಸಿದರು, ಕಸುಬು ಕಲಿಸಿದರು.

ಈ ಕಸುಬಿನ ಹಿಂದೆ ಒಂದು ಕಾರಣವಿತ್ತು. ಮಿಶನ್ನಿಗೆ ಸೇರಿದವನು ಜಾತಿಯಿಂದ ಹೊರಗಾಗುತ್ತಿದ್ದ. ಜಾತಿಯೊಡನೆ ಕುಲಕಸುಬು ಹೋಗುತ್ತಿತ್ತು, ಒಕ್ಕಲುತನಕ್ಕೆ ಹಿಡಿದ ಹೊಲ ಹೋಗುತ್ತಿತ್ತು, ಊರ ಬಾವಿಯ ಹಗ್ಗವೂ ಹೋಗುತ್ತಿತ್ತು. ಕಾಲಿಗೆ ನೆಲವೇ ಇಲ್ಲದ ಈ ಜನರಿಗೆ ಬರೀ ಪ್ರಾರ್ಥನೆಯಿಂದ ಹೊಟ್ಟೆ ತುಂಬದೆಂದು ಮಿಶನ್ನಿನವರು ಬೇಗ ಕಂಡುಕೊಂಡರು. 1851ರಲ್ಲಿ ಹಾಲರ್ ಎಂಬ ನುರಿತ ನೇಕಾರ ಮಂಗಳೂರಿಗೆ ಬಂದ. ಅಲ್ಲಿಯ ನೇಯ್ಗೆಯ ಕಾರಖಾನೆ ಹೆಸರು ಮಾಡಿತು. ಗೇರುಸಿಪ್ಪೆಯಿಂದ ಖಾಕಿ ಬಣ್ಣ ತೆಗೆದವನು ಅವನೇ ಎಂದು ಜನ ಹೇಳುತ್ತ ಬಂದಿದ್ದಾರೆ. 1865ರಲ್ಲಿ ಪ್ಲೆಬ್ಸ್ಟ್ ಎಂಬವನು ಮಂಗಳೂರಿನ ಜೇಡಿಯಿಂದ ಹಂಚು ಸುಡುವ ಕಾರಖಾನೆ ಹಾಕಿದ. ಮಂಗಳೂರ ಹಂಚು ಎಂದು ನಮ್ಮ ಬೈಲಹೊಂಗಲದ ಮನೆಗಳ ಮೇಲೂ ಏರಿದ ಹಂಚಿನ ಕುಲಮೂಲ ಅದೇ. ಮುಂದೆ ಮಲಬಾರಿನವರೆಗೂ ಹಂಚಿನ, ನೇಯ್ಗೆಯ ಕಾರಖಾನೆಗಳು ಬೆಳೆದವು. ಮೊದಲನೆಯ ಮಹಾಯುದ್ಧದ ಹೊತ್ತಿಗೆ ಅವುಗಳಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನ ದುಡಿಯುತ್ತಿದ್ದರು.

ಇದರಲ್ಲಿ ಕಲಿಯತಕ್ಕದ್ದು ಮೂರು. ಒಂದು, ಅವರು ನಿಂತರು. ಒಂದು ಹಂಗಾಮಿಗೆ ಬಂದು ಹೋಗಲಿಲ್ಲ. ಭಾಷೆ ಕಲಿತು, ಊರಲ್ಲಿಯೇ ಮುಪ್ಪಾಗಿ, ಕೆಲವರು ಇಲ್ಲಿಯ ಮಣ್ಣಿಗೇ ಸೇರಿದರು. ಎರಡು, ಕೈಗೆ ಕೆಲಸ ಕೊಟ್ಟರು. ಮೂರು, ಯಾರಿಗೆ ಶಾಲೆಯ ಬಾಗಿಲು ಮುಚ್ಚಿತ್ತೋ ಅವರಿಗೆ ಅದನ್ನು ತೆರೆದರು. ಹೆಣ್ಣುಮಕ್ಕಳನ್ನು ಕರೆದರು, ಊರು ಮುಟ್ಟಿಸಿಕೊಳ್ಳದ ಕೇರಿಯ ಮಕ್ಕಳನ್ನೂ ಕರೆದರು. ಅಕ್ಷರ ಬಲ್ಲವನಿಗೆ ಕೂಲಿಯ ಚೀಟಿಯಲ್ಲಿ ಮೋಸ ಮಾಡುವುದು ಕಷ್ಟ. ಪರಿಹಾರದ ಕೆಲಸಗಳಲ್ಲಿ ಇದು ಹೊಳೆಗೆ ಕೊಚ್ಚಿಹೋಗದ ಪರಿಹಾರ.

ಇನ್ನು ಬಿಡತಕ್ಕದ್ದು. 1841ರ ಸುಮಾರಿಗೆ ಬೆಟಗೇರಿಯ ಹತ್ತಿರ ಮಲ್ಲಸಮುದ್ರದಲ್ಲಿ ಬಾಸೆಲ್ ಮಿಶನ್ನಿನವರು ಒಂದು ಒಕ್ಕಲುತನದ ವಸಾಹತು ಹೂಡಿದರು. ಸರಕಾರದಿಂದ ನೆಲ ಸಿಕ್ಕಿತು. ಬಂದವರಿಗೆ ಅಲ್ಲಿ ನೆಲೆ ಕೊಟ್ಟು ಹೊಸ ಊರು ಕಟ್ಟುವ ಹಂಚಿಕೆ ಅದು. ಕೆಲವೇ ವರ್ಷಗಳಲ್ಲಿ ಅದು ಮುರಿದುಬಿತ್ತು. ಹಂಚಿಕೆ ಹಾಕಿದವರು ಒಬ್ಬರು, ಬಾಳಬೇಕಾದವರು ಇನ್ನೊಬ್ಬರು. ಅಂಥ ಊರು ಎಷ್ಟು ದಿನ ನಿಂತೀತು? ಅದೇ ಗದಗಿನ ಸೀಮೆಯಲ್ಲಿ, ಕಣಗಿನಹಾಳದಲ್ಲಿ, 1905ರಲ್ಲಿ ಸಿದ್ಧನಗೌಡ ಪಾಟೀಲರು ಊರ ರೈತರನ್ನು ಕೂಡಿಸಿ ದೇಶದ ಮೊದಲನೆಯ ಕೃಷಿ ಸಹಕಾರಿ ಪತ್ತಿನ ಸಂಘ ಕಟ್ಟಿದರು. ಸಂಘ ರೈತರದು, ಲೆಕ್ಕ ರೈತರದು. ಅದರ ಹೆಸರು ಇಂದಿಗೂ ಉಳಿದಿದೆ.

ಕಾರಖಾನೆಗಳದೂ ಅದೇ ಕಥೆ. ಕೂಲಿ ಕೊಡುವವರೂ ಅವರೇ, ಇರಲು ಮನೆ ಕೊಡುವವರೂ ಅವರೇ, ರವಿವಾರ ಉಪದೇಶ ಮಾಡುವವರೂ ಅವರೇ. ಗುರುವೇ ಧಣಿಯಾದರೆ ಆಳು ತನ್ನ ದೂರು ಯಾರ ಮುಂದೆ ಹೇಳಬೇಕು? ಚರ್ಚಿನ ಶಿಸ್ತಿಗೆ ತಪ್ಪಿದವನಿಗೆ ಅನ್ನದ ದಾರಿಯೂ ತಪ್ಪುವ ಭಯ. ಒಳ್ಳೆಯ ಧಣಿಯಾದರೂ ಧಣಿ ಧಣಿಯೇ. ಇದು ಯುದ್ಧದ ಕಾಲದಲ್ಲಿ ಚೆನ್ನಾಗಿ ತಿಳಿಯಿತು. 1914ರಲ್ಲಿ ಯುದ್ಧ ಬಂತು. ಮಿಶನ್ನಿನ ಜರ್ಮನ್ ಪಾದ್ರಿಗಳನ್ನು ಸರಕಾರ ಹಿಡಿದು ದೇಶದಿಂದ ಹೊರಗೆ ಕಳಿಸಿತು. ಕಾರಖಾನೆಗಳು ಸರಕಾರದ ವಶವಾಗಿ, 1919ರ ಹೊತ್ತಿಗೆ ಕಾಮನ್‌ವೆಲ್ತ್ ಟ್ರಸ್ಟ ಎಂಬ ಬ್ರಿಟಿಷ್ ಕಂಪನಿಯ ಕೈಸೇರಿದವು. ಎರಡು ಮೂರು ತಲೆಮಾರು ಅಲ್ಲಿಯೇ ದುಡಿದವರನ್ನು ಕೇಳಿದವರು ಯಾರು? ಯಂತ್ರದ ಜೊತೆಗೆ, ಜೇಡಿಮಣ್ಣಿನ ಜೊತೆಗೆ ಅವರೂ ಒಂದು ಕೈಯಿಂದ ಇನ್ನೊಂದು ಕೈಗೆ ಹೋದರು.

ಇನ್ನೂ ಕಹಿಯಾದ ಉದಾಹರಣೆ ನಮ್ಮ ಹತ್ತಿರವೇ ಇದೆ. 1871ರ ಕಾಯಿದೆಯಿಂದ ಇಡೀ ಇಡೀ ಕುಲಗಳನ್ನು ಹುಟ್ಟು ಅಪರಾಧಿಗಳೆಂದು ಬ್ರಿಟಿಷರು ಬರೆದಿಟ್ಟರು. ಊರಿಂದೂರಿಗೆ ಅಲೆದು ಬದುಕುತ್ತಿದ್ದವರನ್ನು ಹಿಡಿದು ಹುಬ್ಬಳ್ಳಿ, ಗದಗ, ವಿಜಾಪುರ, ಸೋಲಾಪುರಗಳಲ್ಲಿ ತಂತಿಬೇಲಿಯ ವಸಾಹತುಗಳಲ್ಲಿಟ್ಟರು. ಇಂಥ ವಸಾಹತುಗಳ ಆಡಳಿತವನ್ನು ದೇಶದ ಹಲವೆಡೆ ಮಿಶನರಿಗಳಿಗೆ ಒಪ್ಪಿಸಿದ್ದುಂಟು. ಅಲ್ಲಿ ಶಾಲೆ ಇತ್ತು, ಔಷಧ ಇತ್ತು, ಗಿರಣಿಯ ಕೆಲಸವೂ ಇತ್ತು. ಹಾಜರಿ ಕೊಡದೆ ಹೊರಗೆ ಹೋಗುವ ಸ್ವಾತಂತ್ರ್ಯ ಮಾತ್ರ ಇರಲಿಲ್ಲ. 1952ರಲ್ಲಿ ಸ್ವತಂತ್ರ ಭಾರತ ಆ ಕಾಯಿದೆ ತೆಗೆದುಹಾಕಿತು. ಸೆಟ್ಲಮೆಂಟ್ ಎಂಬ ಹೆಸರು ಮಾತ್ರ ಆ ಓಣಿಗಳಿಗೆ ಅಂಟಿಕೊಂಡೇ ಉಳಿಯಿತು. ಸೂರು ಕೊಟ್ಟೂ ಮನುಷ್ಯನನ್ನು ಸೆರೆಯಲ್ಲಿಡಬಹುದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಈಗ ನಿಮ್ಮ ಮನಸ್ಸಿನಲ್ಲಿರುವ ಪ್ರಶ್ನೆಗೆ ಬರುತ್ತೇವೆ. ಅನ್ನ ಕೊಟ್ಟು ಧರ್ಮ ಬದಲಿಸಿದರಲ್ಲವೇ? ಮಿಶನ್ನಿನವರು ತಮ್ಮ ಮತಪ್ರಸಾರದ ಉದ್ದೇಶವನ್ನು ಮುಚ್ಚಿಡಲಿಲ್ಲ. ಅದಕ್ಕಾಗಿಯೇ ಬಂದವರು ಅವರು. ಬರದ ಮಕ್ಕಳು ಅವರ ಮತದಲ್ಲಿಯೇ ಬೆಳೆದರು. ಹಸಿದವನು ಆ ಹೊತ್ತಿಗೆ ಹೇಳುವ "ಹೂಂ" ಪೂರ್ಣ ಸ್ವತಂತ್ರವಾದ "ಹೂಂ" ಅಲ್ಲ. ಇದನ್ನು ಒಪ್ಪಬೇಕು. ಆದರೆ ಇನ್ನೊಂದನ್ನೂ ಒಪ್ಪಬೇಕು. ಊರ ಹೊರಗೆ ತಲೆತಲಾಂತರ ಇಟ್ಟವರನ್ನು ಬರದಲ್ಲಿಯೂ ಊರ ಒಳಗೆ ಕರೆಯದೆ, ಅವರನ್ನು ಕರೆದವನ ಮೇಲೆ ಸಿಟ್ಟಾಗುವುದು ಯಾವ ನ್ಯಾಯ? 2021ರ ಡಿಸೆಂಬರಿನಲ್ಲಿ ನಮ್ಮ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿಯೇ ಮತಾಂತರದ ವಿರುದ್ಧ ಮಸೂದೆ ವಿಧಾನಸಭೆಯಲ್ಲಿ ಪಾಸಾಯಿತು, 2022ರಲ್ಲಿ ಕಾಯಿದೆಯಾಯಿತು, ಅದನ್ನು ರದ್ದು ಮಾಡುವ ತೀರ್ಮಾನವನ್ನು ಮುಂದಿನ ಸರಕಾರದ ಮಂತ್ರಿಮಂಡಳ 2023ರ ಜೂನಿನಲ್ಲಿ ಮಾಡಿತು. ಆಮಿಷ ಎಂಬ ಶಬ್ದದ ಮೇಲೆ ಎಷ್ಟೊಂದು ಚರ್ಚೆ! ಆ ಸೌಧದಿಂದ ಬಹಳ ದೂರವೇನೂ ಇಲ್ಲದ ರಾಮದುರ್ಗದ ನೇಕಾರನಿಗೆ ಮಗ್ಗ ಕೊಟ್ಟರೆ ಯಾವ ಆಮಿಷವೂ ಅವನನ್ನು ಅಲುಗಿಸದು ಎಂಬ ಸಣ್ಣ ಮಾತಿಗೆ ಅಷ್ಟು ಚರ್ಚೆ ನಡೆದದ್ದನ್ನು ನಾವು ಕೇಳಲಿಲ್ಲ. ಹಕ್ಕಿನಿಂದ ಬಂದ ಅನ್ನಕ್ಕೆ ಯಾವ ದೇವರ ಹೆಸರನ್ನೂ ಅಂಟಿಸಲು ಬರುವುದಿಲ್ಲ.

ಹಕ್ಕಿನ ಲೆಕ್ಕ ಹೇಗಿದೆ ನೋಡಿ. ಕೇಂದ್ರ ಸರಕಾರದ ವಿಪತ್ತು ಪರಿಹಾರದ ನಿಯಮಗಳಲ್ಲಿ, 2019ರ ನೆರೆಯ ಕಾಲಕ್ಕೆ ಇದ್ದಂತೆ, ಬಯಲುಸೀಮೆಯಲ್ಲಿ ಪೂರ್ಣ ಬಿದ್ದ ಮನೆಗೆ 95,100 ರೂಪಾಯಿ. ರಾಜ್ಯ ಸರಕಾರ ತನ್ನ ಕಡೆಯಿಂದ ಕೂಡಿಸಿ 5 ಲಕ್ಷದವರೆಗೆ ಸಾರಿತು. ನೀರು ಹೊಕ್ಕ ಮನೆಗೆ ತುರ್ತಾಗಿ 10,000 ಎಂದಿತು. ಇದು ಒಳ್ಳೆಯದೇ. ಆದರೆ ಅದೇ ಕೇಂದ್ರದ ನಿಯಮದಲ್ಲಿ ಕೈಮಗ್ಗದವನ ಸಲಕರಣೆ ಹಾಳಾದರೆ 4,100 ರೂಪಾಯಿ, ಕಚ್ಚಾಮಾಲು ಹಾಳಾದರೆ ಇನ್ನೊಂದು 4,100. ಮುಂದೆ 2022ರಿಂದ 2026ರ ಅವಧಿಗೆ ನಿಯಮ ತಿದ್ದಿದಾಗ ಇದು 5,000 ಮತ್ತು 5,000 ಆಯಿತು. ಐದು ಸಾವಿರದಲ್ಲಿ ಮಗ್ಗ ಹೂಡಿ ತೋರಿಸುವವರಿದ್ದರೆ ನಾವು ಅವರ ಹತ್ತಿರ ಕಲಿಯಲು ಸಿದ್ಧ. ಕರೆಂಟಿನ ಮಗ್ಗದವನ ಹೆಸರಂತೂ ಆ ಸಾಲಿನಲ್ಲಿಲ್ಲ. ಕಿರಾಣಿ ಅಂಗಡಿ, ಚಹದ ಅಂಗಡಿ, ಸೈಕಲ್ ರಿಪೇರಿ ಅಂಗಡಿ ಎಂಬ ಬಾಬತ್ತು ಆ ನಿಯಮಗಳಲ್ಲಿ ಎಲ್ಲಿಯೂ ಇಲ್ಲ. ಅಂಗಡಿಯ ಮಾಲು ತೊಯ್ದರೆ ಅಡತಿಯವನ ಬಾಕಿ ತೊಯ್ಯುವುದಿಲ್ಲ. ಓಣಿಗೆಲ್ಲ ಕೊಟ್ಟ ಉದ್ರಿಯ ವಹಿ ನೀರುಪಾಲಾದರೆ ಅಂಗಡಿಕಾರನ ಕೈಗೆ ಬರಬೇಕಾದದ್ದೂ ಹೋಯಿತು. ನೇಕಾರ ನಿಂತರೆ ಅಂಗಡಿಕಾರ ನಿಂತಾನು, ನೇಕಾರ ಬಿದ್ದರೆ ಇಬ್ಬರೂ ಬೀಳುತ್ತಾರೆ. ಅದಕ್ಕಾಗಿಯೇ ಇಬ್ಬರನ್ನೂ ಇಂದು ಒಂದೇ ಚಾಪೆಯ ಮೇಲೆ ಕೂಡಿಸಿದ್ದೇವೆ.

ಆದ್ದರಿಂದ ನಾವು ಮಾಡಬೇಕಾದ ಕೆಲಸ ನಾಲ್ಕು.

ಮೊದಲನೆಯದು, ಮಗ್ಗಗಳ ಪಟ್ಟಿ. ಹೊಳೆ ಬಂದ ಮೇಲೆ ಬರೆಯುವ ಪಟ್ಟಿಯಲ್ಲಿ ಪ್ರಭಾವಿಗಳ ಹೆಸರೇ ಮೇಲೆ ತೇಲುತ್ತವೆ. ಹೊಳೆ ಬರುವ ಮುಂಚೆ, ಬೇಸಿಗೆಯಲ್ಲಿಯೇ, ಮನೆ ಮನೆಗೆ ಹೋಗಿ ಯಾರ ಮನೆಯಲ್ಲಿ ಎಷ್ಟು ಮಗ್ಗ, ಸ್ವಂತದ್ದೋ ಬಾಡಿಗೆಯದೋ, ಯಾವ ಅಂಗಡಿಯಲ್ಲಿ ಏನು ಮಾಲು ಎಂದು ನಾವೇ ಬರೆಯಬೇಕು. ಒಂದು ಪ್ರತಿ ನಮ್ಮಲ್ಲಿ, ಒಂದು ಪ್ರತಿ ತಹಶೀಲದಾರ ಕಚೇರಿಯಲ್ಲಿ, ಸ್ವೀಕೃತಿಯ ಶಿಕ್ಕೆಯೊಂದಿಗೆ.

ಎರಡನೆಯದು, ಪರಿಹಾರದ ಪಟ್ಟಿಯನ್ನು ಚಾವಡಿಯ ಮುಂದೆ ಗಟ್ಟಿಯಾಗಿ ಓದಿಸಬೇಕು. ಹತ್ತು ಜನ ಕೇಳುತ್ತಿರುವಾಗ ಸತ್ತವನ ಹೆಸರು, ಇಲ್ಲದ ಮನೆಯ ಹೆಸರು ಓದಲು ನಾಲಿಗೆ ತಡವರಿಸುತ್ತದೆ.

ಮೂರನೆಯದು, ಸಹಾಯ ತರುವವರಿಗೆ ಒಂದು ಮಾತು. ಮಠದವರೇ ಇರಲಿ, ಚರ್ಚಿನವರೇ ಇರಲಿ, ದರ್ಗಾದವರೇ ಇರಲಿ, ಮೊದಲ ವಾರ ಅನ್ನ ತನ್ನಿ ಎನ್ನೋಣ. ಎರಡನೆಯ ವಾರದಿಂದ ಹಣಿಗೆ ತನ್ನಿ, ನೂಲು ತನ್ನಿ, ಬಡಿಗನನ್ನು ಕರೆತನ್ನಿ, ಮಕ್ಕಳಿಗೆ ಪಾಟಿ-ಪುಸ್ತಕ ತನ್ನಿ ಎನ್ನೋಣ. ಕೊಟ್ಟದ್ದು ಕೊಟ್ಟವನ ಹೆಸರಲ್ಲಿ ಉಳಿಯಬಾರದು. ಮಗ್ಗದ ಮೇಲೆ ನೇಯುವವನ ಹಕ್ಕಿರಬೇಕು. ಧರ್ಮದ ಮಾತನ್ನು ಊಟದ ಸಾಲಿನಲ್ಲಿ ಯಾರೂ ಎತ್ತಬಾರದು.

ನಾಲ್ಕನೆಯದು, ಎತ್ತರದ ನೆಲದಲ್ಲಿ ಮಗ್ಗದ ಶೆಡ್ಡು. ಹೊಳೆಯ ದಂಡೆಯ ಓಣಿಯಲ್ಲಿ ಮಗ್ಗ ಮತ್ತೆ ಹೂಡಿದರೆ ಹೊಳೆ ಮತ್ತೆ ಬರುತ್ತದೆ. ಅಣೆಕಟ್ಟು ಅಲ್ಲಿಯೇ ಇದೆ, ಮಳೆ ನಮ್ಮನ್ನು ಕೇಳಿ ಬರುವುದಿಲ್ಲ. ನೇಕಾರರ ಸಹಕಾರಿ ಸಂಘದ ಹೆಸರಿನಲ್ಲಿ ಜಾಗ ಬೇಡೋಣ. ಧಣಿಯ ಹೆಸರಲ್ಲಿ ಬೇಡ, ಟ್ರಸ್ಟಿನ ಹೆಸರಲ್ಲಿಯೂ ಬೇಡ. ಮಂಗಳೂರಿನ ಕಾರಖಾನೆಗಳ ಕಥೆ ಈಗ ತಾನೇ ಕೇಳಿದ್ದೀರಿ.

ಬಂಧುಗಳೇ, ಬೆಟಗೇರಿಯ ಅನಾಥ ಮಗುವಿಗೆ ಅಕ್ಷರ ಕಲಿಸಿದ ಪಾದ್ರಿಗೆ ನಾವು ಕೃತಜ್ಞರು. ಆದರೆ ಸರಕಾರ ತನ್ನ ಕೆಲಸ ಮಾಡಿದ್ದರೆ ಆ ಮಗು ಅನಾಥವೇ ಆಗುತ್ತಿರಲಿಲ್ಲ. ಅಂದು ನಮ್ಮ ಕೈಯಲ್ಲಿ ಮತವಿರಲಿಲ್ಲ, ಸಂಘವಿರಲಿಲ್ಲ, ಬರೀ ಹೊಟ್ಟೆಯಿತ್ತು. ಇಂದು ಎರಡೂ ಇವೆ. ಪಟ್ಟಿ ಬರೆಯುವ ಕೆಲಸ ಬರುವ ಸೋಮವಾರದಿಂದ ಶುರು. ಓದು ಬರಹ ಬಲ್ಲ ಹುಡುಗ ಹುಡುಗಿಯರು ಪೆನ್ಸಿಲು ತೆಗೆದುಕೊಂಡು ಬನ್ನಿ. ಮಗ್ಗದ ಮನೆಯವರು ಬಾಗಿಲು ತೆರೆದಿಡಿ.